ಒಂದೂವರೆ ಮೈಲಿ

ಮುಂದಿನ ಡಿಸೆಂಬರಿಗೂ ಹಡಗೇ ಅಂತೆ.
ಭಾವ ಚೀಟಿ ದುಡ್ಡು ಎತ್ತಿದ್ದಾರೆ.
ಲೆಕ್ಕದ ಪುಸ್ತಕ ಕಂಕುಳಲ್ಲಿಟ್ಟುಕೊಂಡು
ಶಿಡ್ಲಘಟ್ಟದ ಮೂರು ಬೀದಿ ಸುತ್ತಿ
ನೆಂಟರೆಲ್ಲರಿಂದ ಹೂಂ ಅನ್ನಿಸಿಕೊಂಡು
ನಮ್ಮ ಜಗಲಿಗೆ ಬಂದು ಕೂತಿದ್ದಾರೆ.
ನನ್ನದೊಂದು ಹೂಂ ಬಾಕಿ.

"ಏನಮ್ಮಾ ಸುಗುಣಾ, ಈಜೋದು ಮಕ್ಕಳಿಗೆ,
ಮ್ಯಾಜಿಕ್ಕೂ ಮಕ್ಕಳಿಗೇ.
ದೊಡ್ಡವರಿಗೆ ಅಂತ ಒಂದು ಕೋಣೆ ಇದ್ದರೆ
ಯಾರಪ್ಪನ ಗಂಟು ಹೋಯ್ತು?"

ಕೋಣೆಗೆ ಬಾಗಿಲಿರುತ್ತದೆ ಭಾವ.
ಅದಕ್ಕಿದ್ದದ್ದು ಕೆಂಪು ಮಖಮಲ್ಲಿನ ಒಂದು ಹಗ್ಗ.
ಹಾಸಿಗೆಯಿಂದ ಊಟದ ಹಾಲಿಗೆ ಅದರ ಪಕ್ಕದಲ್ಲೇ ದಾರಿ,
ಇಡ್ಲಿಗೆ ಹೋಗುವಾಗಲೂ
ಇಡ್ಲಿ ತಿಂದು ಬರುವಾಗಲೂ.

ಮೊದಲ ಸಂಜೆ ಮುಚ್ಚಿತ್ತು.
ದಡ ಇನ್ನೂ ಕಾಣುತ್ತಿತ್ತು.
ದಡ ಮರೆಯಾಗಿ, ಇನ್ನಷ್ಟು ದೂರ ಹೋದ ಮೇಲೆ
ಒಳಗೆ ಒಮ್ಮೆಲೇ ದೀಪ ಹತ್ತಿತು.
ನೆಲದ ಕಾನೂನು ಯಾವ ಅಲೆಯ ಹತ್ತಿರ ನಿಲ್ಲುತ್ತದೋ ಎಂದು
ಕಂಬಿ ಹಿಡಿದು ಬಗ್ಗಿ ನೋಡಿದೆ.
ಗೆರೆ ಕಾಣಲಿಲ್ಲ, ಬರೀ ನೀರು.

ಅಂದರ್ ಬಾಹರ್ ಅಂತ ಇದನ್ನೇ
ನಮ್ಮ ಹುಣಸೆ ತೋಪಿನಲ್ಲಿ ಆಡಿದರೆ ಜೀಪು ಬರುತ್ತದೆ,
ಮರುದಿನ ಪೇಪರಿನಲ್ಲಿ ಹೆಸರು, ವಯಸ್ಸು, ಬೀದಿ.
ನಮ್ಮಪ್ಪನ ಹೆಸರು ಒಮ್ಮೆ ಬಂದಿತ್ತು:
ಪಿಳ್ಳಪ್ಪ, ನಲವತ್ತೊಂದು, ರೀಲಿಂಗ್ ಕೂಲಿ.
ಅಮ್ಮ ಆ ಪೇಪರಿನಲ್ಲೇ ಕೊತ್ತಂಬರಿ ಸುತ್ತಿಟ್ಟಳು.

ಹೋಗಿ ಕರಕೊಂಡು ಬಾ, ಎಂದು ನನ್ನನ್ನು ಕಳಿಸುತ್ತಿದ್ದಳು.
ತೋಪಿನಲ್ಲಿ ನಿಲ್ಲುತ್ತಿದ್ದೆ.
ಯಾರೂ ಗದರುತ್ತಿರಲಿಲ್ಲ, ಯಾರೂ ಕೂರು ಅನ್ನುತ್ತಲೂ ಇರಲಿಲ್ಲ.
ಕಡೆಗೊಮ್ಮೆ ಅಪ್ಪ ಎದ್ದು ಪಂಚೆ ಕೊಡವಿದರೆ
ಅಲ್ಲಿಂದ ಮನೆಗೆ ಒಂದೂವರೆ ಮೈಲಿ.
ದಾರಿಯುದ್ದಕ್ಕೂ ಬೆಂದ ಗೂಡಿನ ನಾತ,
ಕೆಮ್ಮುವ ನಾಯಿ,
"ಏನ್ ಪಿಳ್ಳಣ್ಣ, ಇಷ್ಟೊತ್ತು?" ಅನ್ನುವ ಜುಬೇದಾ ಚಾಚಿ.
ಕೆರೆ ಏರಿ ಹತ್ತುವಾಗ ಅವನದು ಮಾತಿಲ್ಲ.
ಇಳಿಯುವಾಗ ನನ್ನ ಕೈ ಹಿಡಿದುಕೊಳ್ಳುತ್ತಿದ್ದ.
ಮನೆ ಮುಟ್ಟುವ ಹೊತ್ತಿಗೆ
ಅರ್ಧದಷ್ಟಾದರೂ ಅಪ್ಪ ಆಗಿರುತ್ತಿದ್ದ.

ಹಡಗಿನಲ್ಲಿ ಆ ಒಂದೂವರೆ ಮೈಲಿ ಇಲ್ಲ ಭಾವ.
ಹಗ್ಗ ದಾಟಿದರೆ ಮಗಳು.
ಮುಖ ಬದಲಿಸಿಕೊಳ್ಳೋಕೆ ಜಾಗವೆಲ್ಲಿ?

ಸುಳ್ಳು ಯಾಕೆ, ಇವರು ಸೋಲಲಿಲ್ಲ.
ಎಂಟು ಸಾವಿರದ ಇನ್ನೂರು ಗೆದ್ದು
ಹಂಸಿನಿಗೆ ನೇರಳೆ ಬಣ್ಣದ ಕನ್ನಡಕ ಕೊಡಿಸಿದರು.
ಒಂದು ರಾತ್ರಿ, ಅವಳು ಮಲಗಿದ ಮೇಲೆ,
ನಾನೂ ಹೋಗಿ ಗುಂಡಿ ಒತ್ತಿದೆ.
ಚೆರ್ರಿ, ಚೆರ್ರಿ, ಗಂಟೆ.
ಬೆರಳು ತಾನಾಗಿ ಇನ್ನೊಮ್ಮೆ ಹೋಯಿತು.
ಅಪ್ಪನ ಬೆರಳು. ಗುರುತು ಸಿಕ್ಕಿತು.

ನಾವೇನು ಪಣ ಕಾಣದವರೇ?
ಗೂಡಿನ ರಾಶಿಗೆ ಕೈ ಹಾಕಿ, ಹಿಡಿ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ
ಒಳಗಿನ ನೂಲಿಗೆ ಬೆಲೆ ಕಟ್ಟುವ ಊರು.
ಆದರೂ ಮಾರುಕಟ್ಟೆ ಸಂಜೆಗೆ ಗುಡಿಸಿ, ಬೀಗ ಹಾಕುತ್ತಾರೆ.

ಹಡಗು ಇರಲಿ. ಆ ಆಟವೂ ಎಲ್ಲಾದರೂ ಇದ್ದುಕೊಳ್ಳಲಿ,
ಹೋಗುವವನು ಚಪ್ಪಲಿ ಮೆಟ್ಟಿ ಹೋಗುವಷ್ಟು ದೂರದಲ್ಲಿ,
ಬರುವವನು ಏರಿ ಹತ್ತಿ ಇಳಿದು ಬರುವ ಹಾಗೆ.

ಭಾವನ ಕಾಫಿ ಆರಿದೆ.
ನನ್ನ ಹೆಸರಿನ ಮುಂದೆ ಚುಕ್ಕೆ ಇಟ್ಟು
ಪೆನ್ನಿನ ಕ್ಯಾಪು ಕಚ್ಚುತ್ತಿದ್ದಾರೆ.
ಇಷ್ಟನ್ನೂ ನಾನು ಬಾಯಿಬಿಟ್ಟು ಹೇಳಿದೆನೋ
ಸೆರಗಿನ ಅಂಚು ಸುತ್ತುತ್ತ ನಿಂತೆನೋ,
ಈಗ ನೆನಪಿಲ್ಲ.

ನೆನಪಿರುವುದು ಹಗ್ಗದ ಕಂಬ ಹಿಡಿದು
ಮೂರು ರಾತ್ರಿ ನಿಂತ ಹಂಸಿನಿ.
ಬೋ ಕಟ್ಟಿಕೊಂಡ ಹುಡುಗ "ಸಾರಿ ಬೇಬಿ" ಎಂದು
ಒಂದು ಚಾಕಲೇಟು ಕೊಟ್ಟ.
ಜಮಖಾನೆಯ ಬಣ್ಣ ಬದಲಾಗುವ ಕಡೆಗೇ ಸರಿಯಾಗಿ
ಹೆಬ್ಬೆರಳ ತುದಿ ಇಡುವಳು, ತೆಗೆಯುವಳು, ಮತ್ತೆ ಇಡುವಳು.
"ಅಪ್ಪಂಗೆ ನಾನು ಇಲ್ಲಿಂದ ಕಾಣ್ತೀನಾ ಅಮ್ಮಾ?"

ಕಾಣ್ತೀಯ, ಅಂದೆ.
ಆ ಟೂರಿನಲ್ಲಿ ನಾನು ಸೋತದ್ದು ಅಷ್ಟೇ.